ನಾಲ್ಕು ಹೆಸರಿನ ದೇವರೂ ನನ್ನ ಡೆಮೊ ಪಾಠವೂ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ಕೆಲವರನ್ನು ಹೋದಲ್ಲೆಲ್ಲ ನಾಯಿ ಅಟ್ಟಿಸಿಕೊಂಡು ಬರುತ್ತದೆ, ನನಗೆ ಹೋದಲ್ಲೆಲ್ಲ ಫಜೀತಿ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ಪಾಠದ ಟಿಪ್ಪಣಿ ಬಿಟ್ಟರೆ ನಾನು ಇದಕ್ಕೆ ಮೊದಲು ಏನನ್ನೂ ಬರೆದವಳಲ್ಲ. ಅದಕ್ಕೇ ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅರ್ಥವಾಗಲಿಲ್ಲ ಅನ್ನಬಾರದು. ನಾನು ಕಡೂರಿನವಳು. ಅಂದರೆ ಮದುವೆಯಾಗಿ ಕಡೂರಿಗೆ ಬಂದವಳು, ತವರು ಅಜ್ಜಂಪುರ. ಸಿಂಗಟಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಎಲೆ ಹಾಕಿ ಬಡಿಸುವ ಅತಿಥಿಯಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಕೊಟ್ಟ ದಿನ ನನ್ನ ಕೆಲಸವೂ ಮುಗಿಯುತ್ತದೆ. ಜೂನ್‌ನಲ್ಲಿ ಮತ್ತೆ ಕರೆದರೆ ನಾನು ಟೀಚರು, ಕರೆಯದಿದ್ದರೆ ಅಲ್ಲ. ಮೇ ತಿಂಗಳಿಡೀ 'ನೀವೇನು ಮಾಡ್ತಿದೀರಿ' ಅಂತ ಯಾರಾದರೂ ಕೇಳಿದರೆ ನಾನು ಉಪ್ಪಿನಕಾಯಿಯ ಮಾತು ತೆಗೆಯುತ್ತೇನೆ.

ಹೀಗಿರುವಾಗ ತರೀಕೆರೆಯ ಒಂದು ಖಾಸಗಿ ಶಾಲೆಯಿಂದ ಡೆಮೊ ಪಾಠಕ್ಕೆ ಬನ್ನಿ ಅಂತ ಕರೆ ಬಂತು. ಡೆಮೊ ಪಾಠ ಅಂದರೆ ಆಡಳಿತ ಮಂಡಳಿಯವರು ಹಿಂದೆ ಕೂತಿರುತ್ತಾರೆ, ನಾವು ಅವರ ಮಕ್ಕಳಿಗೆ ಒಂದು ಪೀರಿಯಡ್ ಪಾಠ ಮಾಡಿ ತೋರಿಸಬೇಕು. ಒಪ್ಪಿದರೆ ಕಾಯಂ ಕೆಲಸ. ವಿಷಯ ನಿಮ್ಮಿಷ್ಟ ಅಂದರು. ನನ್ನಂಥವಳಿಗೆ ನಿಮ್ಮಿಷ್ಟ ಅನ್ನಬಾರದು. ಎಲ್ಲರೂ ಮೌರ್ಯರನ್ನೋ ಮಣ್ಣಿನ ವಿಧಗಳನ್ನೋ ಮಾಡುತ್ತಾರೆ, ನಾನು ಬೇರೆ ಏನಾದರೂ ಮಾಡಬೇಕು ಅಂತ ತಲೆಗೆ ಹೊಕ್ಕಿತು. ಪ್ರಾಚೀನ ಈಜಿಪ್ಟಿನಲ್ಲಿ ಬರವಣಿಗೆಗೂ ವಿದ್ಯೆಗೂ ಒಬ್ಬ ದೇವರಿದ್ದ. ಮನುಷ್ಯನ ಮೈ, ಹಕ್ಕಿಯ ತಲೆ. ಈಜಿಪ್ಟಿನವರು ಅವನನ್ನು ಜೆಹೂತಿ ಅಂತ ಕರೆಯುತ್ತಿದ್ದರಂತೆ. 'ಅಂತೆ' ಯಾಕೆಂದರೆ ಅವರು ಬರೆಯುವಾಗ ಸ್ವರಗಳನ್ನು ಬರೆಯುತ್ತಿರಲಿಲ್ಲ, ಬರೀ ವ್ಯಂಜನ. ಸರಿಯಾದ ಉಚ್ಚಾರ ಇವತ್ತು ಯಾರಿಗೂ ಖಚಿತವಿಲ್ಲ. ಆಮೇಲೆ ಅದೇ ನಾಡಿನ ಕಾಪ್ಟಿಕ್ ಭಾಷೆಯಲ್ಲಿ ಅವನು ಥೋವುತ್ ಆದ. ಗ್ರೀಕರು ಥೋತ್ ಅಂದರು. ಈಗ ಅರಬ್ಬಿಯಲ್ಲಿ ತಹೂತ್. ಒಬ್ಬನೇ ದೇವರು, ನಾಲ್ಕು ಬಾಯಿ, ನಾಲ್ಕು ಹೆಸರು. ಒಂದು ಹೆಸರಿನ ಹಿಂದೆ ಹೋದರೆ ಇಡೀ ಚರಿತ್ರೆ ಸಿಗುತ್ತದೆ ಅನ್ನುವುದು ನನ್ನ ಪಾಠದ ಸಾರ. ಚರಿತ್ರೆ ಸಿಗುವುದಕ್ಕೆ ಮೊದಲು ಏನೇನು ಸಿಕ್ಕಿತು ಅನ್ನುವುದು ಕೆಳಗಿದೆ.

ಸಿಹಿಯೋ ಖಾರವೋ

ಮೊದಲ ಅಭ್ಯಾಸವನ್ನು ನನ್ನ ಎಂಟನೇ ತರಗತಿಯ ಮೇಲೇ ಮಾಡಿದೆ. ಬೋರ್ಡಿನ ಮೇಲೆ ಹಕ್ಕಿ ತಲೆಯ ಮನುಷ್ಯನನ್ನು ಬರೆದು, ನಾಲ್ಕೂ ಹೆಸರನ್ನು ಗಟ್ಟಿಯಾಗಿ ಹೇಳಿ, ಮಕ್ಕಳಿಂದಲೂ ಹೇಳಿಸಿದೆ. ಸ್ವರ ಯಾಕೆ ಬರೆಯುತ್ತಿರಲಿಲ್ಲ ಅನ್ನುವ ಪ್ರಶ್ನೆ ಬರುತ್ತದೆ ಅಂತ ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದೆ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಇವ್ನು ಸಿಹಿ ದೇವ್ರಾ, ಖಾರದ ದೇವ್ರಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕೆಲವು ದೇವರಿಗೆ ಹೋಳಿಗೆ, ಪಾಯಸ. ಕೆಲವು ದೇವರಿಗೆ ಕೋಳಿ, ಕುರಿ. ಇವನಿಗೆ ಕೊಡುವುದನ್ನು ಅವನಿಗೆ ಕೊಡುವಂತಿಲ್ಲ. ಯಾವ ಮನೆಯಲ್ಲಿ ಕೇಳಿದರೂ ಯಾವ ದೇವರು ಯಾವುದು ಅಂತ ಥಟ್ಟನೆ ಹೇಳುತ್ತಾರೆ. ನಾನು ಓದಿದ ಯಾವ ಪುಸ್ತಕದಲ್ಲೂ ಅದನ್ನು ಬರೆದಿರಲಿಲ್ಲ.

"ಅದು... ನೋಡಬೇಕು," ಅಂದೆ.

"ನೋಡೋದೇನೈತೆ ಮಿಸ್, ಹಕ್ಕಿ ಮುಖ ಐತಲ್ಲ, ಮೀನು ತಿಂತಾನೆ, ಖಾರನೇ," ಅಂತ ಒಬ್ಬ ತೀರ್ಮಾನ ಕೊಟ್ಟ.

"ಲೇ, ಹಕ್ಕಿ ದೇವ್ರಿಗೆ ಕೋಳಿ ಕುಯ್ದ್ರೆ ಅವ್ನ ನೆಂಟ್ರನ್ನೇ ಕುಯ್ದಂಗಾಗಲ್ವೇನೋ," ಅಂತ ಇನ್ನೊಬ್ಬ.

ತರಗತಿ ಎರಡು ಪಕ್ಷವಾಯಿತು. ಸಿಹಿ ಪಕ್ಷದವರು ಗಲಾಟೆ ಮಾಡಿದರು, ಖಾರದ ಪಕ್ಷದವರು ಬೆಂಚು ಕುಟ್ಟಿದರು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲಲ್ಲಿ ಇಣುಕಿ ನೋಡಿ ಹೋದರು. ತರೀಕೆರೆಯಲ್ಲೂ ಹೀಗೇ ಆದರೆ? ಸುಮ್ಮನಿರಿ, ನಿಜವಾಗಿಯೂ ನನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡೆ.

ಮುಂದಿನ ಬೆಂಚಿನವಳು ನನ್ನನ್ನು ಮರುಕದಿಂದ ನೋಡಿದಳು.

"ಗೊತ್ತಿಲ್ದಲೇ ನಾಕ್ ನಾಕು ಹೆಸ್ರು ಹಿಡ್ದು ಕೂಗಿದ್ರಲ್ಲ ಮಿಸ್. ಬಂದೇಬಿಟ್ರೆ ಎಲೆಗೆ ಏನ್ ಬಡಿಸ್ತೀರಿ?"

ಓಗೊಡದವರು

ಮನೆಯಲ್ಲಿ ಅಭ್ಯಾಸ ಮಾಡುವುದು ಕ್ಷೇಮ ಅನ್ನಿಸಿತು. ಸೊಪ್ಪು ಸೋಸುತ್ತಾ, ಸಾರಿಗೆ ಒಗ್ಗರಣೆ ಹಾಕುತ್ತಾ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆ. ಜೆಹೂತಿ, ಥೋವುತ್, ಥೋತ್, ತಹೂತ್. ಹೆದರಿಕೆಯಾದಾಗ ನನಗೆ ನಾಲಗೆ ತೊಡರುತ್ತದೆ, ಅದಕ್ಕೆ ಬಾಯಿಪಾಠ ಆಗಲೇಬೇಕಿತ್ತು.

ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಯಾರನ್ನೇ ಅದು, ಬೆಳಿಗ್ಗೆಯಿಂದ ಕರೀತಿದೀಯ?"

ಒಬ್ಬನೇ ದೇವರು ಅತ್ತೆ, ನಾಲ್ಕು ಭಾಷೆಯವರು ನಾಲ್ಕು ಹೆಸರಲ್ಲಿ ಕರೆದರು ಅಂತ ಸ್ವರ ವ್ಯಂಜನದ ಸಮೇತ ವಿವರಿಸಿದೆ. ಸಾರು ಉಕ್ಕಿತು.

"ಅದ್ರಲ್ಲೇನೈತೆ," ಅಂದರು ಅತ್ತೆ. "ಅಂಥೋರು ನಮ್ಮನೇಲೂ ಒಬ್ರು ಇದಾರೆ. ಅವರಮ್ಮ ಪುಟ್ಟಣ್ಣಿ ಅಂತಿದ್ರು. ಊರೋರು ಯಜಮಾನ್ರೇ ಅಂತಾರೆ. ಆಧಾರ್ ಕಾರ್ಡಲ್ಲಿರೋದನ್ನ ನಾನು ಬಾಯಲ್ಲಿ ಆಡೋ ಹಂಗಿಲ್ಲ. ನಾನು 'ಕೇಳುಸ್ತಾ' ಅಂತೀನಿ."

ಇದೂ ನಿಮಗೆ ಗೊತ್ತಿರುವುದೇ. ನಮ್ಮತ್ತೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸು ಕೇಳಿದರೂ ಅತ್ತೆ ನನ್ನ ಮುಖ ನೋಡುತ್ತಾರೆ. ಅವರ ಮದುವೆಯಾದಾಗಿನಿಂದ ಮಾವನವರ ಹೆಸರು ಈ ಮನೆಯಲ್ಲಿ 'ಕೇಳುಸ್ತಾ'.

"ನಾಲ್ಕು ಹೆಸರಿದ್ದರೂ ಆಳು ಒಬ್ಬರೇ ಅಲ್ಲವಾ ಅತ್ತೆ, ನನ್ನ ಪಾಠವೂ ಅದೇ," ಅಂದೆ, ಖುಷಿಯಿಂದ.

"ಆಳು ಒಬ್ರೇ. ಓಗೊಡಬೇಕಲ್ಲ." ಅತ್ತೆ ನಡುಮನೆಯ ಕಡೆಗೆ ತಿರುಗಿದರು. ಮಾವ ಟೀವಿ ಮುಂದೆ ಕೂತಿದ್ದರು. "ಕೇಳುಸ್ತಾ?"

ಉತ್ತರವಿಲ್ಲ.

"ಯಜಮಾನ್ರೇ?"

ಉತ್ತರವಿಲ್ಲ.

"ನೋಡ್ದಾ. ನಿನ್ನ ದೇವ್ರದ್ದೂ ಇದೇ ಕತೆ. ಹೆಸರು ಎಷ್ಟಿದ್ರೇನು, ಸ್ವರ ಇದ್ರೇನು ಬಿಟ್ರೇನು, ಕಾಫಿ ಅಂದ್ರೆ ಮಾತ್ರ ಈ ಕಡೆ ತಿರುಗ್ತಾರೆ."

ಅತ್ತೆ ಅದನ್ನು ಪಿಸುಮಾತಿನಲ್ಲಿ ಹೇಳಿದ್ದರು. ನಡುಮನೆಯಿಂದ ಮಾವನ ದನಿ ಬಂತು: "ಕಾಫಿ ಆಯ್ತಾ?"

ಎರಡೇ ನಮೂನೆ

ಬೋರ್ಡಿನ ಮೇಲೆ ನಾನು ಬರೆದ ದೇವರು ಸಿಂಗಟಗೆರೆಯಲ್ಲಿ ಕೊಡೆ ಹಿಡಿದ ಕೋಳಿಯಂತೆ ಕಂಡಿದ್ದ. ತರೀಕೆರೆಗೆ ದೊಡ್ಡ ಬಣ್ಣದ ಚಿತ್ರವೇ ಬೇಕು ಅಂತ, ತವರಿಗೆ ಹೋದಾಗ ಅಜ್ಜಂಪುರದ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಮೊಬೈಲಿನಿಂದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಅಕ್ಕ, ಫೈಲ್ ಕೆಟ್ಟೋಗೈತೆ. ಮುಖ ಬಂದಿಲ್ಲ, ಹಕ್ಕಿ ಬಂದೈತೆ."

ಕೆಟ್ಟಿಲ್ಲ, ಮುಖವೇ ಹಾಗೆ, ಅದು ದೇವರು ಅಂತ ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಮಗನ ಹುಟ್ಟುಹಬ್ಬದ ಫ್ಲೆಕ್ಸಿಗೆ ಕಾಯುತ್ತಿದ್ದ ಬುಕ್ಕಾಂಬುಧಿಯ ರೈತರೊಬ್ಬರು ಎದ್ದು ಬಂದು ಪರದೆಗೆ ಬಗ್ಗಿದರು.

"ಇದು ನಮ್ ಕೆರೆ ಹಕ್ಕಿ ಕಣ್ರೀ. ಕರೀ ತಲೆ, ಬಾಗಿದ ಕೊಕ್ಕು. ಟ್ರ್ಯಾಕ್ಟರ್ ಹೊಡೀತಿದ್ರೆ ಹಿಂದೇನೇ ಹುಳ ಹೆಕ್ಕತಾ ಬತ್ತಾವೆ. ಇದು ದೇವ್ರೇನಮ್ಮ?"

"ಹೌದು. ವಿದ್ಯೆಯ ದೇವರು. ಪುಸ್ತಕದಲ್ಲಿ ಈ ಹಕ್ಕಿಗೆ ಕೆಂಬರಲು ಅಂತಾರೆ."

"ಹಂಗಾದ್ರೆ ನಮ್ ಗದ್ದೆಗೆ ದಿನಾ ಬೆಳಿಗ್ಗೆ ಒಂದು ಹಿಂಡು ವಿದ್ಯೆ ಬಂದು ಗೊಬ್ಬರ ಹಾಕಿ ಹೋಗ್ತೈತೆ. ಮಗ ಮಾತ್ರ ಎಸ್ಸೆಸ್ಸೆಲ್ಸಿ ದಾಟಿಲ್ಲ."

ಅಂಗಡಿಯವನಿಗೆ ಇದು ಯಾವುದೂ ಬೇಕಿರಲಿಲ್ಲ. "ಅಕ್ಕ, ಶುಭ ಕೋರುವವರು ಯಾರ್ಯಾರು? ಫೋಟೋ ಕೊಡಿ."

ಶುಭ ಕೋರುವವರು ಯಾರೂ ಇಲ್ಲ, ಬರೀ ಚಿತ್ರ ಸಾಕು ಅಂದೆ. ಅವನು ನಕ್ಕ.

"ಬರೀ ಚಿತ್ರ ಬರಲ್ಲಕ್ಕ. ನನ್ನತ್ರ ಇರೋದು ಎರಡೇ ನಮೂನೆ. ಒಂದು ಶುಭ ಕೋರೋದು, ಇನ್ನೊಂದು ಅದು. ಇವ್ರು ಈಗ ಇದಾರಾ?"

ಇಲ್ಲಿ ನಾನು ಸುಮ್ಮನೆ ಹೂಂ ಅನ್ನಬಹುದಿತ್ತು. ಆದರೆ ಚರಿತ್ರೆ ಓದಿದವಳು, ತಪ್ಪು ಹೇಳಿಬಿಟ್ಟೆನೇನೋ ಅಂತ ಆಮೇಲೆ ನಿದ್ದೆ ಬರುವುದಿಲ್ಲ. ಅವನ ಗುಡಿಗಳು ಮುಚ್ಚಿ ಬಹಳ ಕಾಲವಾಯಿತು, ಆ ಪೂಜೆ ಈಗ ಪರಂಪರೆಯಾಗಿ ಉಳಿದಿಲ್ಲ, ಹಾಗಾಗಿ ಈಗ ಇದ್ದಾನೆ ಅನ್ನುವುದು ಕಷ್ಟ ಅಂತ ವಿವರಿಸಿದೆ. ಅವನು ಮುಖ ಸಣ್ಣಗೆ ಮಾಡಿಕೊಂಡು "ಛೇ, ಹೋಗ್ಲಿ ಬಿಡಿ, ಸಂಜೆ ಬನ್ನಿ," ಅಂದ.

ಸಂಜೆ ಹೋಗಿ ಬಿಚ್ಚಿ ನೋಡಿದೆ. ದೇವರು ಬಹಳ ಚೆನ್ನಾಗಿ ಬಂದಿದ್ದ. ಎಡಕ್ಕೊಂದು ಬಲಕ್ಕೊಂದು ದೀಪ, ಸುತ್ತ ಹೂವಿನ ಹಾರ. ಕೆಳಗೆ ದೊಡ್ಡದಾಗಿ ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ: ಮತ್ತೆ ಹುಟ್ಟಿ ಬಾ.

ಗಂಡಸಿಗೆ ಟಿಕೆಟ್

ದೀಪ, ಹಾರ, ಶ್ರದ್ಧಾಂಜಲಿಯ ಮೇಲೆಲ್ಲ ಬಿಳಿ ಹಾಳೆ ಅಂಟಿಸಿ, ಫ್ಲೆಕ್ಸನ್ನು ಸುರುಳಿ ಸುತ್ತಿ, ಡೆಮೊ ದಿನ ಬೆಳಿಗ್ಗೆ ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಸುರುಳಿಯನ್ನು ಕಾಲ ಹತ್ತಿರ ನಿಲ್ಲಿಸಿಕೊಂಡು ಕಣ್ಣು ಮುಚ್ಚಿ ಹೆಸರುಗಳನ್ನು ಹೇಳಿಕೊಳ್ಳತೊಡಗಿದೆ.

ಪಕ್ಕದ ಅಜ್ಜಿ ತಿವಿದರು. "ಏನವ್ವ ಅದು, ಚಾಪೆಯಾ?"

"ಅಲ್ಲ ಅಜ್ಜಿ. ದೇವರ ಪಟ."

ಅಜ್ಜಿಯ ಮುಖ ಬದಲಾಯಿತು. "ದೇವ್ರ ಪಟನ ಕಾಲ್ ಸಂದಿ ಇಟ್ಕಂಡಿದೀಯಲ್ಲೇ. ಚಪ್ಲಿ ಬೇರೆ ಹಾಕ್ಕಂಡಿದೀಯ. ಎತ್ತು, ಎತ್ತು."

ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಸುರುಳಿಯ ತುದಿ ಮುಂದಿನ ಸೀಟಿನವರ ಕುತ್ತಿಗೆಗೆ ತಾಗಿತು. ಮೇಲಿನ ಕಂಬಿಯ ಮೇಲೆ ಇಡೋಣವೆಂದರೆ ಅಲ್ಲಿ ಯಾರದೋ ಒಣಮೀನಿನ ಚೀಲ. ಬೀರೂರು ಬರುವಷ್ಟರಲ್ಲಿ ಸುತ್ತಲಿನ ನಾಲ್ಕಾರು ಸೀಟಿನವರಿಗೆ ನನ್ನ ದೇವರ ಚಿಂತೆ ಹತ್ತಿತ್ತು. ಕೊನೆಗೆ ಅಜ್ಜಿಯೇ ಪರಿಹಾರ ಹೇಳಿದರು: ದೇವರು ಸೀಟಲ್ಲಿ ಕೂರಲಿ, ನೀನು ಚಿಕ್ಕ ವಯಸ್ಸಿನವಳು, ನಿಂತ್ಕೋ. ಅಜ್ಜಿ ತಾವು ಇತ್ತ ಸರಿದು, ಸುರುಳಿಯನ್ನು ಕಿಟಕಿ ಪಕ್ಕ ಒರಗಿಸಿದರು. ನಾನು ಎದ್ದು ನಿಂತೆ.

ಕಂಡಕ್ಟರ್ ಬಂದ. ಹೆಂಗಸರಿಗೆ ಉಚಿತವಲ್ಲವೇ, ಗುರುತಿನ ಚೀಟಿ ತೋರಿಸಿದೆ. ಅವನು ಸೀಟಿನ ಕಡೆ ನೋಡಿದ.

"ಇದ್ಯಾರು, ಸೀಟಲ್ಲಿ?"

"ದೇವ್ರು ಕಣಪ್ಪ," ಅಂದರು ಅಜ್ಜಿ.

ಕಂಡಕ್ಟರ್ ನಗಲಿಲ್ಲ. ಅಂಥವನೇ ಅಪಾಯ. "ಹೆಣ್ಣು ದೇವ್ರಾ, ಗಂಡು ದೇವ್ರಾ?"

"ಗಂಡು," ಅಂದೆ, ನಿಜವನ್ನೇ.

"ಹಂಗಾದ್ರೆ ಒಂದು ತರೀಕೆರೆ." ಯಂತ್ರದಿಂದ ಟಿಕೆಟ್ ಬಂದೇಬಿಟ್ಟಿತು.

"ಅಮ್ಮನೋರು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ," ಅಂತ ಅಜ್ಜಿ ನನ್ನನ್ನು ಗದರಿದರು. ನಾಲ್ಕು ಭಾಷೆಯಲ್ಲೂ ಅವನು ಗಂಡೇ ಅಜ್ಜಿ ಅಂತ ನಾನು ವಿವರಿಸುತ್ತಾ ಹೋದೆ. ಉಚಿತದವಳು ತರೀಕೆರೆವರೆಗೂ ಕಂಬಿ ಹಿಡಿದು ಜೋಲಾಡಿದೆ. ಟಿಕೆಟಿನವನು ಕಿಟಕಿ ಪಕ್ಕ ಗಾಳಿ ತಗೊಂಡ.

ಬಲವೋ ಎಡವೋ

ಶಾಲೆಯಲ್ಲಿ ನನ್ನ ಜೊತೆ ಇನ್ನೊಬ್ಬರು ಮೇಷ್ಟ್ರು ಡೆಮೊಗೆ ಬಂದಿದ್ದರು. ಶಾಂತ ಮನುಷ್ಯ. ಇರುವುದು ಒಂದೇ ಕೆಲಸ ಅಂತ ಇಬ್ಬರಿಗೂ ಗೊತ್ತಿದ್ದರಿಂದ ನಾವು ಬಿಸಿಲಿನ ಬಗ್ಗೆ ಮಾತ್ರ ಮಾತಾಡಿದೆವು. ಮೊದಲು ಅವರು ನದಿಗಳ ಪಾಠ ಮಾಡಿದರು. ಬಹಳ ಚೆನ್ನಾಗಿ ಮಾಡಿದರು.

ಆಮೇಲೆ ನನ್ನ ಸರದಿ. ಫ್ಲೆಕ್ಸನ್ನು ಬೋರ್ಡಿಗೆ ತೂಗುಹಾಕಿ ಶುರು ಮಾಡಿದೆ. ದೇವರ ದಯೆ, ಯಾವ ದೇವರದ್ದೋ ಗೊತ್ತಿಲ್ಲ, ನಾಲಗೆ ತೊಡರಲಿಲ್ಲ. ಹಿಂದಿನ ಸಾಲಿನಲ್ಲಿ ಶಾಲೆಯ ಅಧ್ಯಕ್ಷರು, ಅವರ ಪಕ್ಕ ಮುಖ್ಯ ಶಿಕ್ಷಕಿ. ಅಧ್ಯಕ್ಷರಿಗೆ ಕೊಬ್ಬರಿ ವ್ಯಾಪಾರ. ಪಾಠ ಮುಗಿದ ಮೇಲೆ ಅವರಿಬ್ಬರೂ ಪಿಸುಗುಟ್ಟಿದರು. ಮಕ್ಕಳು ಕೂತೇ ಇದ್ದರು, ನಾನೂ ಮೇಷ್ಟ್ರೂ ಗೋಡೆಗೆ ಒರಗಿ ನಿಂತಿದ್ದೆವು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಇಬ್ರೂ ಚೆನ್ನಾಗ್ ಮಾಡಿದ್ರಿ. ಅದೇ ಕಷ್ಟ ಆಗಿರೋದು. ಸಾರ್ ಕಡೆಯಿಂದ ನಮ್ ಭಾವಮೈದ ಫೋನ್ ಮಾಡಿದಾನೆ. ಮೇಡಂ ಕಡೆಯಿಂದ ಅವರ ಮಾವನ ಸ್ನೇಹಿತ್ರು ಮಾಡಿದಾರೆ. ಯಾರನ್ನ ಬಿಟ್ರೂ ನನಗೆ ಊಟ ರುಚಿಸಲ್ಲ. ಹೂ ಕೇಳ್ಬಿಡಣ."

ಹೂ ಕೇಳುವುದು ಅಂದರೆ, ದೇವರ ಮೇಲೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುವುದು. ಬಲಕ್ಕೆ ಬಿದ್ದರೆ ಒಂದು ಉತ್ತರ, ಎಡಕ್ಕೆ ಬಿದ್ದರೆ ಇನ್ನೊಂದು. ಹೆಣ್ಣು ನೋಡುವುದರಿಂದ ಬೋರ್‌ವೆಲ್ ಕೊರೆಸುವವರೆಗೆ ನಮ್ಮಲ್ಲಿ ಎಲ್ಲದಕ್ಕೂ ಕೇಳುತ್ತಾರೆ.

"ಯಾವ ಗುಡಿಗೆ ಹೋಗೋದು ಸಾರ್?" ಅಂದರು ಮುಖ್ಯ ಶಿಕ್ಷಕಿ, ಸುಸ್ತಾದ ದನಿಯಲ್ಲಿ.

"ಗುಡಿ ಯಾಕೆ? ಇಲ್ಲೇ ಇದಾನಲ್ಲ." ಅಧ್ಯಕ್ಷರು ನನ್ನ ಫ್ಲೆಕ್ಸ್ ತೋರಿಸಿದರು. "ವಿದ್ಯೆ ದೇವ್ರು ಅಂತ ಇವರೇ ಹೇಳಿದ್ರು. ಊರ ದೇವ್ರನ್ನ ಕೇಳಿದ್ರೆ ಸೋತೋರ ಕಡೆಯೋರು ಪೂಜಾರಿ ಮೇಲೆ ಜಗಳಕ್ಕೆ ಹೋಗ್ತಾರೆ. ಇವನಿಗೆ ಈ ತಾಲ್ಲೂಕಲ್ಲಿ ನೆಂಟ್ರಿಲ್ಲ."

ಮೇಷ್ಟ್ರು ಮೊದಲ ಸಲ ದನಿ ಎತ್ತಿದರು. "ಸಾರ್, ಇದು ನ್ಯಾಯ ಅಲ್ಲ. ದೇವ್ರನ್ನ ಕರ್ಕೊಂಡು ಬಂದಿರೋರೇ ಮೇಡಂ. ಇದು ವಶೀಲಿ ಆಗಲ್ವಾ?"

"ದೇವ್ರು ವಶೀಲಿಗೆ ಬಗ್ಗಲ್ಲ. ಬಲಕ್ಕೆ ಬಿದ್ರೆ ಮೇಡಂ, ಎಡಕ್ಕೆ ಬಿದ್ರೆ ನೀವು."

"ನನಗ್ಯಾಕೆ ಸಾರ್ ಎಡ?"

ಅಷ್ಟರಲ್ಲಿ ಅಟೆಂಡರ್ ಗೋಡೆಯ ಸರಸ್ವತಿ ಪಟದಿಂದ ಸೇವಂತಿಗೆ ಎಸಳು ತಂದು, ನೀರಲ್ಲಿ ಅದ್ದಿ, ಫ್ಲೆಕ್ಸಿನ ಎರಡೂ ಭುಜಕ್ಕೆ ಅಂಟಿಸಿದ. ಫ್ಯಾನ್ ಆರಿಸಿದರು. ಮಕ್ಕಳು ಬೆಂಚಿನ ಮೇಲೆ ಮಂಡಿಯೂರಿ ಎದ್ದರು.

"ಮೇಡಂ, ಕರೀರಿ," ಅಂದರು ಅಧ್ಯಕ್ಷರು. "ಯಾವ ಹೆಸ್ರಿಗೆ ಓಗೊಡ್ತಾನೋ, ಎಲ್ಲಾ ಹೆಸ್ರೂ ಹಿಡಿದು ಕರೀರಿ."

ನನ್ನ ಜೀವನವೆಲ್ಲ ಆ ಎಸಳಿನ ತೂಕಕ್ಕೆ ಬಂದು ನಿಂತಿತ್ತು. ಜೆಹೂತಿ ಅಂದೆ. ಏನೂ ಆಗಲಿಲ್ಲ. ಥೋವುತ್ ಅಂದೆ. ಒಂದು ಹನಿ ನೀರು ಇಳಿಯಿತು. ಥೋತ್ ಅಂದೆ. ಮೇಷ್ಟ್ರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು, ಅವರ ಮನೆದೇವರನ್ನು ಇರಬೇಕು. ತಹೂತ್ ಅಂದೆ. ಕೊಕ್ಕಿನ ಕಡೆಯ ಎಸಳು ಜಾರಿ ಕೆಳಗೆ ಬಿತ್ತು.

"ಬಲ," ಅಂದರು ಅಧ್ಯಕ್ಷರು.

"ಅದು ನಮ್ಮ ಬಲ ಸಾರ್. ದೇವ್ರ ಕಡೆಯಿಂದ ನೋಡಿದ್ರೆ ಎಡ," ಅಂದರು ಮೇಷ್ಟ್ರು.

"ಇವನು ನಮ್ ಕಡೆ ನೋಡ್ತಾನೇ ಇಲ್ವಲ್ಲ, ಪಕ್ಕಕ್ಕೆ ಮುಖ ತಿರುಗಿಸ್ಕೊಂಡಿದಾನೆ." ಅಧ್ಯಕ್ಷರು ನನ್ನತ್ತ ತಿರುಗಿದರು. "ಮೇಡಂ, ನೀವೇ ಹೇಳಿ. ಇವನಿಗೆ ಬಲ ಯಾವುದು?"

ಬುದ್ಧಿ ಇದ್ದವರು ಬೆರಳು ತೋರಿಸಿ ಇದೇ ಬಲ ಅಂದು ಸುಮ್ಮನಾಗುತ್ತಿದ್ದರು. ನಾನು ವಿವರಿಸಿದೆ. ಈಜಿಪ್ಟಿನ ಚಿತ್ರಕಾರರು ಭುಜಗಳನ್ನು ಎದುರಿನಿಂದ ಕಂಡಂತೆ ಬರೆಯುತ್ತಿದ್ದರು, ಮುಖವನ್ನೂ ಕಾಲನ್ನೂ ಪಕ್ಕದಿಂದ ಕಂಡಂತೆ. ಭುಜವನ್ನು ನೋಡಿದರೆ ಎಸಳು ಬಿದ್ದದ್ದು ಎಡ. ಕೊಕ್ಕನ್ನು ನೋಡಿದರೆ ಅದು ಎಡವೂ ಅಲ್ಲ, ಬಲವೂ ಅಲ್ಲ, ಅವನ ಎದುರಿಗೆ. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಒಬ್ಬ ಹುಡುಗನನ್ನು ಕರೆದು, ಭುಜ ನಮ್ಮ ಕಡೆ, ಮುಖ ಕಿಟಕಿ ಕಡೆ ಮಾಡಿಸಿ ನಿಲ್ಲಿಸಿದೆ. ಎಲ್ಲ ಮಕ್ಕಳೂ ಎದ್ದು ಹಾಗೇ ನಿಂತು ನೋಡಿದರು. ಮೇಷ್ಟ್ರೂ ನಿಂತರು. ನನ್ನ ಕೆಲಸ ಕೈತಪ್ಪುತ್ತಿದೆ ಅಂತ ಮಾತಿನ ನಡುವೆಯೇ ಗೊತ್ತಾಗುತ್ತಿತ್ತು. ಬಾಯಿ ನಿಲ್ಲಲಿಲ್ಲ.

ಮುಖ್ಯ ಶಿಕ್ಷಕಿ ಎದ್ದು ನಿಂತರು. "ಸಾರ್, ಊಟದ ಬೆಲ್ ಹೊಡೆದು ಎಷ್ಟೊತ್ತಾಯ್ತು ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಕೋಣೆಗಳೆಲ್ಲ ಖಾಲಿಯಾಗಿ ಹೊರಗೆ ತಟ್ಟೆ ಸದ್ದು ಕೇಳುತ್ತಿತ್ತು. ನಮ್ಮ ತರಗತಿಯಲ್ಲಿ ಒಂದು ಮಗುವೂ ಕದಲಿರಲಿಲ್ಲ. ಎಲ್ಲರೂ ಮುಖ ಕಿಟಕಿ ಕಡೆ ಮಾಡಿ ತಮ್ಮ ಬಲ ಹುಡುಕುತ್ತಿದ್ದರು.

"ಇವತ್ತು ಪಲಾವ್ ಬೇರೆ," ಅಂದರು ಮುಖ್ಯ ಶಿಕ್ಷಕಿ. "ಪಲಾವ್ ಬಿಟ್ಟು ಕೂತಿದಾರೆ. ಇನ್ನೇನು ಹೂ ಕೇಳ್ತೀರಿ ಸಾರ್, ಮೇಡಂನ ತಗೊಳ್ಳಿ."

ಅಧ್ಯಕ್ಷರು ಬಿದ್ದ ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಭಾವಮೈದನಿಗೆ ದೇವರೇ ಹೇಳಿದ ಅಂತ ಹೇಳುತ್ತೇನೆ, ಎಡ ಬಲದ ವಿಚಾರ ಯಾರೂ ಹೊರಗೆ ಬಿಡಬೇಡಿ ಅಂದರು.

ನನಗೆ ಸಂತೋಷ ಪಡುವುದಕ್ಕೂ ಹೆದರಿಕೆ. ಮೇಷ್ಟ್ರ ಮುಖ ನೋಡುವುದು ಹೇಗೆ? ಬಸ್ ಸ್ಟ್ಯಾಂಡಿನಲ್ಲಿ ಅವರು ನಾನಿದ್ದಲ್ಲಿಗೇ ಬಂದರು. ವಶೀಲಿ ಅಂದವರು, ಇನ್ನೇನು ಅನ್ನುತ್ತಾರೋ ಅಂತ ಸುರುಳಿಯನ್ನು ಎದೆಗೆ ಅವುಚಿಕೊಂಡೆ.

"ಮೇಡಂ, ಬೇಜಾರಿಲ್ಲ," ಅಂದರು ಅವರು. ಆಮೇಲೆ ದನಿ ತಗ್ಗಿಸಿದರು. "ನಾಡಿದ್ದು ಶಿವಮೊಗ್ಗದಲ್ಲಿ ನಂದು ಇನ್ನೊಂದು ಡೆಮೊ ಐತೆ. ಇವನದ್ದು ಒಂದು ಸಣ್ಣ ಫೋಟೋ ವಾಟ್ಸಾಪ್ ಮಾಡ್ತೀರಾ? ಜೇಬಲ್ಲಿ ಇಟ್ಕೊಳ್ಳೋಕೆ. ಕೆಳಗಡೆ ನಾಲ್ಕೂ ಹೆಸ್ರು ಹಾಕಿ. ಶಿವಮೊಗ್ಗದೋರ ಕೈಲಿ ಯಾವುದಕ್ಕೆ ಓಗೊಡ್ತಾನೋ."